ಶುಕ್ರವಾರ ಬೆಳಿಗ್ಗೆ ಹತ್ತೂವರೆ

ಈ ಸಲದ ಪತ್ರಗಳ ಕಟ್ಟು ಬಿಚ್ಚಿದಾಗ ಮೊದಲು ಕೈಗೆ ಬಂದಿದ್ದೇ ಒಂದು ಬೈಗುಳ. ಅದನ್ನು ಎರಡನೆಯದಾಗಿ ಇಟ್ಟಿದ್ದೇನೆ. ಕಾಫಿ ಕುಡಿಯುವ ಮುಂಚೆ ಬೈಸಿಕೊಳ್ಳುವ ವಯಸ್ಸು ದಾಟಿತು.

ಹೊಸ ಓದುಗರಿಗೆ ಒಂದು ಮಾತು. ನಾನು ವಿಮರ್ಶಕ ಅಲ್ಲ. ಗಾಂಧಿನಗರದ ಒಂದು ವಿತರಕರ ಆಫೀಸಿನಲ್ಲಿ 'ರೆಪ್' ಆಗಿದ್ದವನು. ಫಿಲ್ಮಿನ ಡಬ್ಬದ ಜೊತೆ ಥಿಯೇಟರಿಗೆ ಹೋಗುವುದು, ಟಿಕೆಟ್ ಲೆಕ್ಕ ನೋಡುವುದು, ರಾತ್ರಿ ಡಿಸಿಆರ್ ತಂದು ಕೊಡುವುದು, ಇಷ್ಟೇ ಕೆಲಸ. ಡಿಸಿಆರ್ ಅಂದರೆ ಆ ದಿನದ ಕಲೆಕ್ಷನ್ ಬರೆದ ಚೀಟಿ. ಈಗ ನಿವೃತ್ತ. ಶ್ರೀರಾಮಪುರದ ಮನೆಯಿಂದ ಮೆಜೆಸ್ಟಿಕ್‌ಗೆ ನಡೆದೇ ಹೋಗುತ್ತೇನೆ. ಶುಕ್ರವಾರ ಬೆಳಿಗ್ಗೆ ಹತ್ತೂವರೆ ಆಟ ತಪ್ಪಿಸುವುದಿಲ್ಲ.

ಹೊಸ ಸಿನಿಮಾ ಶುಕ್ರವಾರವೇ ಯಾಕೆ ಬರಬೇಕು? ಈಚೆಗೆ ದೊಡ್ಡ ಸಿನಿಮಾಗಳು ಗುರುವಾರವೂ ಬರ್ತಾ ಇವೆ. ನಿಯಮ ಬದಲಾಯ್ತಾ?
– ಪಿಯುಸಿ ವಿದ್ಯಾರ್ಥಿನಿ, ಯಲಹಂಕ

ನಿಯಮ ಯಾವತ್ತೂ ಇರಲಿಲ್ಲಮ್ಮ, ರೂಢಿ ಅಷ್ಟೆ. ನಮ್ಮ ಮೊದಲ ಟಾಕಿ 'ಸತಿ ಸುಲೋಚನ' ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಥಿಯೇಟರಿಗೆ ಬಂದಿದ್ದು 1934ರ ಮಾರ್ಚ್ 3ರಂದು. ಹಳೇ ಕ್ಯಾಲೆಂಡರ್ ಸಿಕ್ಕರೆ ನೋಡು, ಅವತ್ತು ಶನಿವಾರ.

ಶುಕ್ರವಾರ ಲಕ್ಷ್ಮಿಯ ದಿನ ಅಂತ ನಿರ್ಮಾಪಕರು ಹೇಳುತ್ತಾರೆ. ಇರಲಿ. ಆಫೀಸಿನವರ ಲೆಕ್ಕ ಬೇರೆ. ಶುಕ್ರವಾರ ಬಿಟ್ಟರೆ ನೋಡಿದವರು ಸಂಜೆಯೊಳಗೆ ನಾಲ್ಕು ಜನಕ್ಕೆ ಹೇಳುತ್ತಾರೆ. ಆ ನಾಲ್ಕು ಜನಕ್ಕೆ ಶನಿವಾರ, ಭಾನುವಾರ ರಜ. ಸೋಮವಾರ ಬಿಟ್ಟರೆ ಹೇಳಿದ ಮಾತು ಶನಿವಾರದ ಹೊತ್ತಿಗೆ ಆರಿ ತಣ್ಣಗಾಗಿರುತ್ತದೆ. ಹಾಗಾಗಿ ಥಿಯೇಟರಿನ ವಾರವೇ ಶುಕ್ರವಾರ ಶುರುವಾಗಿ ಗುರುವಾರ ರಾತ್ರಿ ಮುಗಿಯುತ್ತದೆ. ನಮ್ಮ ಆಫೀಸಿನಲ್ಲಿ 'ಈ ವಾರ' ಅಂದರೆ ಅದೇ. ಮನೆಯಲ್ಲೂ ನಾನು ಹಾಗೇ ಲೆಕ್ಕ ಹಾಕಿ, ಹೆಂಡತಿಯ ತವರಿನ ಮದುವೆಯೊಂದು ತಪ್ಪಿಸಿಕೊಂಡಿದ್ದೇನೆ.

ಗುರುವಾರದ ಗುಟ್ಟು ರಜದಲ್ಲಿದೆ. 'ಕೆಜಿಎಫ್' ಎರಡನೇ ಭಾಗ ಬಂದಿದ್ದು 2022ರ ಏಪ್ರಿಲ್ 14, ಗುರುವಾರ. ಅವತ್ತು ಅಂಬೇಡ್ಕರ್ ಜಯಂತಿ. 'ಕಾಂತಾರ ಚಾಪ್ಟರ್ 1' ಬಂದಿದ್ದು 2025ರ ಅಕ್ಟೋಬರ್ 2, ಅದೂ ಗುರುವಾರ. ಗಾಂಧಿ ಜಯಂತಿ, ವಿಜಯದಶಮಿ ಎರಡೂ ಒಂದೇ ದಿನ. ಮೂರು ದಿನದ ಓಪನಿಂಗ್ ನಾಲ್ಕು ದಿನ ಆಗುತ್ತದೆ ಅಂದರೆ ಯಾರು ಬಿಡ್ತಾರೆ?

ನೀವು ಹೊಗಳಿ ಬರೆದಿದ್ದ ಸಣ್ಣ ಸಿನಿಮಾ ನೋಡೋಣ ಅಂತ ಭಾನುವಾರ ಹೊರಟೆವು. ಆ್ಯಪ್‌ನಲ್ಲಿ ಹುಡುಕಿದರೆ ಇಡೀ ಬೆಂಗಳೂರಿನಲ್ಲಿ ಒಂದೇ ಆಟ, ಅದೂ ವೈಟ್‌ಫೀಲ್ಡ್ ಕಡೆ, ಬೆಳಿಗ್ಗೆ 9.50ಕ್ಕೆ. ಸೋಮವಾರ ಅದೂ ಇಲ್ಲ. ನೀವೇನು ಕನಸಿನಲ್ಲಿ ನೋಡಿದ್ರಾ? ಇನ್ನು ಮೇಲೆ ನಿಮ್ಮ ಅಂಕಣ ನಂಬಿ ಆಟೊ ಹತ್ತಲ್ಲ.
– ದಂಪತಿ, ಬನಶಂಕರಿ

ತಪ್ಪಾಯಿತು. ಆದರೆ ಕನಸಲ್ಲ. ಆ ಶುಕ್ರವಾರ ಹತ್ತೂವರೆಗೆ ನಾನು ಅಲ್ಲಿದ್ದೆ. ಹಳೇ ಚಾಳಿ, ತಲೆ ಎಣಿಸಿದೆ. ಇಪ್ಪತ್ಮೂರು, ನನ್ನನ್ನೂ ಸೇರಿಸಿ. ಅದರಲ್ಲಿ ಏಳೆಂಟು ಜನ ಸಿನಿಮಾದವರ ನೆಂಟರು. ಇಂಟರ್‌ವಲ್‌ನಲ್ಲಿ ಒಬ್ಬರಿಗೊಬ್ಬರು ಶುಭಾಶಯ ಹೇಳುತ್ತಿದ್ದುದರಿಂದ ಗೊತ್ತಾಯಿತು. ಆಗಲೇ ನನಗೆ ಅಂದಾಜು ಸಿಗಬೇಕಿತ್ತು. ಸಿನಿಮಾ ಚೆನ್ನಾಗಿತ್ತು, ಮನಸ್ಸು ಸೋತೆ.

ಓಡುತ್ತಿರುವ ಸಿನಿಮಾವನ್ನು ಥಿಯೇಟರಿನಿಂದ ತೆಗೆಯುವುದಕ್ಕೆ ಎತ್ತಂಗಡಿ ಅನ್ನುವ ಮಾತು ಗಾಂಧಿನಗರದಲ್ಲಿ ಹಳೆಯದು. ಆದರೆ ನನ್ನ ಕಾಲದಲ್ಲಿ ಎತ್ತಂಗಡಿಗೂ ಕನಿಷ್ಠ ಒಂದು ವಾರ ಬೇಕಿತ್ತು. ಯಾಕೆ ಅಂತ ಹೇಳುತ್ತೇನೆ. ಆಗ ಸಿನಿಮಾ ಅಂದರೆ ಪ್ರಿಂಟ್. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ. ಸಾವಿರ ಅಡಿಯ ಸುರುಳಿಗಳಾದರೆ ಹದಿನಾಲ್ಕು. ಒಂದೊಂದು ಪ್ರಿಂಟಿಗೂ ಲ್ಯಾಬಿಗೆ ದುಡ್ಡು ಸುರಿಯಬೇಕು. ಅದಕ್ಕೇ ಕೆಲವೇ ಪ್ರಿಂಟು ತೆಗೆಸಿ ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ಹಾಕುತ್ತಿದ್ದರು. ಅಲ್ಲಿ ಮುಗಿದ ಮೇಲೆ ಅದೇ ಪ್ರಿಂಟು ತಾಲೂಕಿಗೆ, ಅಲ್ಲಿಂದ ಹೋಬಳಿಯ ಟೂರಿಂಗ್ ಟಾಕೀಸಿಗೆ. ಬೆಂಗಳೂರಿನಲ್ಲಿ ಸೋತ ಸಿನಿಮಾ ಆರು ತಿಂಗಳ ಮೇಲೆ ಮಾಗಡಿಯಲ್ಲಿ ಗೆದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಷ್ಟು ಹೊತ್ತಿಗೆ ಪ್ರಿಂಟಿನ ತುಂಬ ಮಳೆ ಸುರಿದ ಹಾಗೆ ಗೀರು ಬಿದ್ದಿರುತ್ತಿತ್ತು. ಜನ ಗೀರು ನೋಡಲಿಲ್ಲ, ಸಿನಿಮಾ ನೋಡಿದರು.

ಈಗ ಪ್ರಿಂಟಿಲ್ಲ. ಇನ್ನೂರು ಪರದೆಗೆ ಒಂದೇ ದಿನ ಬಿಡಬಹುದು. ಒಳ್ಳೆಯದೇ ಅಲ್ವಾ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಸುಲಭವಾಗಿ ಬಂದಿದ್ದು ಸುಲಭವಾಗಿಯೇ ಹೋಗುತ್ತದೆ. ಪರದೆಗೆ ಒಂದು ಸಿನಿಮಾ ಹಾಕುವುದೂ ತೆಗೆಯುವುದೂ ಈಗ ಒಂದು ಬಟನ್ ಕೆಲಸ. ಮೇಲಾಗಿ ಈಚಿನ ವರ್ಷಗಳಲ್ಲಿ ಕನ್ನಡದಲ್ಲೇ ವರ್ಷಕ್ಕೆ 200ಕ್ಕೂ ಜಾಸ್ತಿ ಸಿನಿಮಾ ಬಂದಿವೆ. ಇರುವುದು 52 ಶುಕ್ರವಾರ. ದೊಡ್ಡ ನಟರ ಸಿನಿಮಾ ಇರುವ ವಾರ ಉಳಿದವರು ಹಿಂದೆ ಸರಿಯುತ್ತಾರೆ. ಆ ಸರಿದವರೆಲ್ಲ ಮುಂದಿನ ಒಂದು ಶುಕ್ರವಾರ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ಎಂಟೋ ಹತ್ತೋ ಒಟ್ಟಿಗೆ ಬೀಳುತ್ತವೆ. ಇದಕ್ಕೆ ಹಿಂದಿ, ತಮಿಳು, ತೆಲುಗು, ಮಲಯಾಳ, ಇಂಗ್ಲಿಷ್ ಸೇರಿಸಿಕೊಳ್ಳಿ. ಈ ಊರಿನಲ್ಲಿ ಎಲ್ಲದಕ್ಕೂ ನೋಡುಗರಿದ್ದಾರೆ.

1972ರಲ್ಲಿ 'ಬಂಗಾರದ ಮನುಷ್ಯ' ಕೆ.ಜಿ. ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ನಡೆಯಿತು. ಅದನ್ನು ಬಿಡಿ, ಆ ಕಾಲವೇ ಬೇರೆ. 2006ರ ಕೊನೇ ಶುಕ್ರವಾರ ಬಂದ 'ಮುಂಗಾರು ಮಳೆ' ಮಲ್ಟಿಪ್ಲೆಕ್ಸಿನಲ್ಲೇ ವರ್ಷ ದಾಟಿತು. ಅದೇ ಮಲ್ಟಿಪ್ಲೆಕ್ಸು, ಅದೇ ಊರು. ಇವತ್ತು ಮೂರನೇ ವಾರಕ್ಕೆ ಕಾಲಿಟ್ಟರೆ ಚಿತ್ರತಂಡದವರು ಕೇಕ್ ಕತ್ತರಿಸುತ್ತಾರೆ. ನಾನು ಗೇಲಿ ಮಾಡುತ್ತಿಲ್ಲ. ಕತ್ತರಿಸಲಿ ಪಾಪ, ಗಳಿಸಿದ್ದಾರೆ.

ನಿಮಗೊಂದು ಉಪಾಯ ಹೇಳುತ್ತೇನೆ. ಪೋಸ್ಟರ್ ನೋಡಬೇಡಿ, ಆಟದ ಟೈಮ್ ನೋಡಿ. ಹತ್ತಿರದ ಮಾಲ್‌ನಲ್ಲಿ ಸಂಜೆ 7ರ ಆಟ ಕೊಟ್ಟಿದ್ದರೆ ಆ ಸಿನಿಮಾ ಮೇಲೆ ಅವರಿಗೆ ನಂಬಿಕೆ ಇದೆ ಅಂತ ಅರ್ಥ. ಬೆಳಿಗ್ಗೆ 9.50, ಮಧ್ಯಾಹ್ನ 3.10, ರಾತ್ರಿ 10.45, ಹೀಗೆ ಚೂರುಚೂರು ಮಾಡಿ ಹಾಕಿದ್ದರೆ ಅದು ಖಾಲಿ ಜಾಗ ತುಂಬಲು ಇಟ್ಟ ಸಿನಿಮಾ. ಅಂಥದ್ದನ್ನು ನೋಡಬೇಕು ಅಂದರೆ ಶುಕ್ರವಾರವೇ ನೋಡಿಬಿಡಿ. ನಾನೂ ಇನ್ನು ಮುಂದೆ ಹೊಗಳುವಾಗ ಆಟದ ಟೈಮನ್ನೂ ಬರೆಯುತ್ತೇನೆ. ನಿಮ್ಮ ಆಟೊ ಬಾಡಿಗೆ ಬಾಕಿ ಇರಲಿ.

ಅಕ್ಕನ ಮಗ ಸಿನಿಮಾ ಮಾಡಿದ್ದಾನೆ. ಬರುವ ಶುಕ್ರವಾರ ಬಿಡುಗಡೆ. ಅದೇ ದಿನ ಇನ್ನೂ ಏಳು ಸಿನಿಮಾ ಇವೆಯಂತೆ. ಮನೆಯವರೆಲ್ಲ ಎರಡನೇ ಭಾನುವಾರ ಬಸ್ ಮಾಡಿಕೊಂಡು ಬಂದು ನೋಡೋಣ ಅಂತ ಇದ್ದೇವೆ. ಸರಿಯಾ?
– ನಿವೃತ್ತ ಶಿಕ್ಷಕಿ, ದೊಡ್ಡಬಳ್ಳಾಪುರ

ಬಸ್ ಹೇಳಿಬಿಟ್ಟಿದ್ದರೆ ದಯವಿಟ್ಟು ಕ್ಯಾನ್ಸಲ್ ಮಾಡಿಸಿ. ಎರಡನೇ ಭಾನುವಾರ ನೀವು ಬರುವ ಹೊತ್ತಿಗೆ ಅಲ್ಲಿ ಬೇರೆ ಯಾರದೋ ಅಕ್ಕನ ಮಗನ ಸಿನಿಮಾ ಓಡುತ್ತಿರುತ್ತದೆ.

ಮೊದಲನೇ ಶುಕ್ರವಾರ, ಶನಿವಾರ, ಭಾನುವಾರ. ನಿಮ್ಮ ಹುಡುಗನಿಗೆ ಇರುವುದು ಇಷ್ಟೇ. ಮಲ್ಟಿಪ್ಲೆಕ್ಸಿನವರು ಪ್ರತಿ ಆಟದಲ್ಲಿ ಎಷ್ಟು ಸೀಟು ತುಂಬಿತು ಅಂತ ಗಂಟೆಗಂಟೆಗೆ ನೋಡುತ್ತಾರೆ. ಶುಕ್ರವಾರದ ಲೆಕ್ಕ ನೋಡಿ ಶನಿವಾರದ ಆಟ ಬದಲಾಗುತ್ತದೆ. ಸೋಮವಾರ ಬೆಳಿಗ್ಗೆ ನಿಜವಾದ ತೀರ್ಪು. ಮುಂದಿನ ವಾರದ ಪಟ್ಟಿ ವಾರದ ಮಧ್ಯದಲ್ಲೇ ತಯಾರಾಗುತ್ತದೆ.

ಇನ್ನೊಂದು ವಿಷಯ. ಎಲ್ಲರೂ ಒಂದೇ ಆಟಕ್ಕೆ ನುಗ್ಗಬೇಡಿ. ನೀವು ನಲವತ್ತು ಜನ ಇದ್ದರೆ ಹತ್ತು ಹತ್ತು ಜನ ನಾಲ್ಕು ಆಟಕ್ಕೆ ಹೋಗಿ. ಒಂದು ಆಟ ಹೌಸ್‌ಫುಲ್ ಆಗಿ ಮೂರು ಆಟ ಖಾಲಿ ಹೊಡೆದರೆ ಖಾಲಿ ಹೊಡೆದ ಮೂರೂ ಹೋಗುತ್ತವೆ. ಹತ್ತು ಜನ ಇರುವ ಆಟವನ್ನು ತೆಗೆಯಲು ಸ್ವಲ್ಪ ಯೋಚಿಸುತ್ತಾರೆ. ಟಿಕೆಟ್ಟನ್ನು ಒಂದು ದಿನ ಮೊದಲೇ ತೆಗೆದುಬಿಡಿ. ಥಿಯೇಟರ್ ಮುಂದೆ ನಿಂತು ತೆಗೆಯುವ ಟಿಕೆಟ್ಟಿಗಿಂತ ಹಿಂದಿನ ರಾತ್ರಿ ತೆಗೆದ ಟಿಕೆಟ್ಟಿಗೆ ಜೋರು ಜಾಸ್ತಿ.

ಒಂಟಿ ಪರದೆಯ ಥಿಯೇಟರಿನ ಲೆಕ್ಕ ಬೇರೆ. ಕೆ.ಜಿ. ರಸ್ತೆಯಲ್ಲಿ ಬಾಡಿಗೆ ಪದ್ಧತಿ. ನಿರ್ಮಾಪಕ ವಾರಕ್ಕೆ ಇಷ್ಟು ಲಕ್ಷ ಅಂತ ಕಟ್ಟುತ್ತಾನೆ. ಜನ ಬಂದರೂ ಅಷ್ಟೆ, ಬರದಿದ್ದರೂ ಅಷ್ಟೆ. ಮಲ್ಟಿಪ್ಲೆಕ್ಸಿನಲ್ಲಿ ಪಾಲು. ಮೊದಲ ವಾರ ಹೆಚ್ಚುಕಡಿಮೆ ಅರ್ಧರ್ಧ, ವಾರ ಕಳೆದ ಹಾಗೆ ನಿರ್ಮಾಪಕನ ಪಾಲು ಇಳಿಯುತ್ತದೆ. ಹುಡುಗ ಪತ್ರಿಕೆ ಜಾಹೀರಾತಿನಲ್ಲಿ 'ಮುಖ್ಯ ಚಿತ್ರಮಂದಿರ' ಅಂತ ಹಾಕಿಸುವ ಆಸೆಗೆ ಕೆ.ಜಿ. ರಸ್ತೆ ಬಾಡಿಗೆ ಕಟ್ಟಿದ್ದರೆ, ಅವನ ಅಮ್ಮನ ಬಳೆ ಎಲ್ಲಿವೆ ಅಂತ ಸುಮ್ನೆ ಒಂದು ಸಲ ವಿಚಾರಿಸಿ.

ಆಸೆ ಬಿಡಬೇಡಿ. 2025ರ ಜುಲೈ 25ರಂದು ಬಂದ 'ಸು ಫ್ರಮ್ ಸೋ' ಬರೀ ಬಾಯಿಮಾತಿನಿಂದಲೇ ದಿನದಿನಕ್ಕೆ ಆಟ ಹೆಚ್ಚಿಸಿಕೊಂಡಿದ್ದು ನಿಮಗೂ ನೆನಪಿರಬಹುದು. ಹಾಗಾಗುವುದುಂಟು. ಅಪರೂಪ, ಆದರೆ ಉಂಟು.

ಬೆಳಿಗ್ಗೆ 10ರ ಮೊದಲ ಆಟಕ್ಕೆ ಹೋಗಿದ್ದೆವು. 11 ಆದರೂ ಶುರುವಾಗಲಿಲ್ಲ. ಕೊನೆಗೆ 'ಕೀ ಬಂದಿಲ್ಲ' ಅಂತ ದುಡ್ಡು ವಾಪಸ್ ಕೊಟ್ಟರು. ಸಿನಿಮಾಕ್ಕೆ ಏನು ಕೀ? ಬೀಗ ಹಾಕಿರ್ತಾರಾ?
– ಐಟಿ ಉದ್ಯೋಗಿ, ಮಾರತ್ತಹಳ್ಳಿ

ಹೌದು ಸ್ವಾಮಿ, ಬೀಗವೇ. ಈಗ ಸಿನಿಮಾ ಥಿಯೇಟರಿಗೆ ಫೈಲ್ ಆಗಿ ಹೋಗುತ್ತದೆ, ಹಾರ್ಡ್ ಡಿಸ್ಕಿನಲ್ಲೋ ಸ್ಯಾಟಲೈಟ್ ಮೂಲಕವೋ. ಕದಿಯಬಾರದು ಅಂತ ಅದಕ್ಕೆ ಬೀಗ ಹಾಕಿರುತ್ತಾರೆ. ಬೀಗ ತೆಗೆಯುವ ಸಂಖ್ಯೆಗಳ ಸರಮಾಲೆಯೇ ಕೀ. ಅದು ಬೇರೆಯಾಗಿ, ಸಾಮಾನ್ಯವಾಗಿ ಇಮೇಲಿನಲ್ಲಿ ಬರುತ್ತದೆ. ಒಂದು ಪರದೆಯ ಸರ್ವರಿಗೆ ಕೊಟ್ಟ ಕೀ ಪಕ್ಕದ ಪರದೆಗೆ ಹೊಂದುವುದಿಲ್ಲ. ಇಂಥ ದಿನ ಇಷ್ಟು ಗಂಟೆಯಿಂದ ಇಂಥ ದಿನದವರೆಗೆ ಅಂತ ಅವಧಿಯೂ ಇರುತ್ತದೆ. ಕೊನೇ ಗಳಿಗೆಯಲ್ಲಿ ಸಿನಿಮಾವನ್ನು ಎರಡನೇ ಪರದೆಯಿಂದ ಐದನೇ ಪರದೆಗೆ ಹಾಕಿದರೆ ಹೊಸ ಕೀ ಬೇಕು. ಇನ್ನು ಕೆಲವು ಸಲ ಕೀ ತಡವಾಗುವುದಕ್ಕೆ ಕಂಪ್ಯೂಟರ್ ಕಾರಣ ಅಲ್ಲ, ಬಾಕಿ ದುಡ್ಡು ಕಾರಣ. ಗುರುವಾರ ಮಧ್ಯರಾತ್ರಿ ಗಾಂಧಿನಗರದಲ್ಲಿ ಯಾರೋ ಯಾರಿಗೋ ಫೋನಿನಲ್ಲಿ ಕೂಗಾಡುತ್ತಿರುತ್ತಾರೆ. ಅದರ ಫಲ ನೀವು ಶುಕ್ರವಾರ ಬೆಳಿಗ್ಗೆ ಉಣ್ಣುತ್ತೀರಿ.

ನಮ್ಮ ಕಾಲದಲ್ಲಿ ಕೀ ಇರಲಿಲ್ಲ, ನಾನಿದ್ದೆ. ಒಂದು ಪ್ರಿಂಟನ್ನು ಎರಡು ಥಿಯೇಟರಿಗೆ ಹಂಚುವ ಪದ್ಧತಿ ಇತ್ತು. ಒಂದು ಕಡೆ ಆಟ ಮುಕ್ಕಾಲು ಗಂಟೆ ಮೊದಲು ಶುರು. ಅಲ್ಲಿ ಓಡಿದ ರೀಲನ್ನು ಸುತ್ತಿ ಇನ್ನೊಂದು ಕಡೆಗೆ ಸಾಗಿಸಬೇಕು. ನನ್ನ ಹತ್ತಿರ ಟಿವಿಎಸ್ 50 ಇತ್ತು. ಒಂದು ಸಂಜೆ ಓಕಳಿಪುರದ ರೈಲ್ವೆ ಸೇತುವೆ ಕೆಳಗೆ ಮೊಣಕಾಲುದ್ದ ನೀರು. ಗಾಡಿ ಕೆಮ್ಮಿ ನಿಂತಿತು. ತಲೆ ಮೇಲೆ ಎಂಟನೇ ರೀಲು ಹೊತ್ತು, ಗಾಡಿ ತಳ್ಳಿಕೊಂಡು ಥಿಯೇಟರ್ ಮುಟ್ಟುವ ಹೊತ್ತಿಗೆ ಒಳಗೆ ಏಳನೇ ರೀಲು ಮುಗಿದು ಹದಿನೈದು ನಿಮಿಷ ಆಗಿತ್ತು. ಆಪರೇಟರ್ ಪುಣ್ಯಾತ್ಮ, ಮುಂದಿನ ವಾರದ ಸಿನಿಮಾದ ಟ್ರೇಲರನ್ನು ನಾಲ್ಕು ಸಲ ಹಾಕಿದ್ದ. ಗಾಂಧಿ ಕ್ಲಾಸಿನವರಿಗೆ ಅದರ ಡೈಲಾಗು ಬಾಯಿಪಾಠ ಆಗಿ, ನಾಲ್ಕನೇ ಸಲ ಅವರೇ ಜೊತೆಯಲ್ಲಿ ಹೇಳುತ್ತಿದ್ದರಂತೆ. ನಾನು ಒದ್ದೆ ಕೋಳಿಯ ಹಾಗೆ ಮೆಟ್ಟಿಲು ಹತ್ತುವಾಗ ಬಾಲ್ಕನಿಯವನೊಬ್ಬ ಸಿಳ್ಳೆ ಹಾಕಿದ. ಹೀರೋಗೆ ಬಿಟ್ಟು ನನಗೆ ಬಿದ್ದ ಒಂದೇ ಸಿಳ್ಳೆ ಅದು.

ಎಂಟನೇ ರೀಲಿನಲ್ಲೇ ಕ್ಲೈಮ್ಯಾಕ್ಸಿಗೆ ದಾರಿ ಮಾಡುವ ಸತ್ಯ ಹೊರಬೀಳಬೇಕಿತ್ತು. ಈಗ ನಿಮ್ಮ ದುಡ್ಡಾದರೂ ವಾಪಸ್ ಬಂತು.

200 ರೂಪಾಯಿ ಟಿಕೆಟ್ ಅಂದರಲ್ಲ, ಅದು ಏನಾಯಿತು? ನಾವು ನಾಲ್ಕು ಜನ ಹೋದರೆ ಸಾವಿರದ ಐನೂರು ಮುಗಿಯುತ್ತೆ.
– ಗೃಹಿಣಿ, ವಿಜಯನಗರ

ಬಂತು, ಕೋರ್ಟಿಗೆ ಹೋಯಿತು, ನಿಂತಿತು. ಎಲ್ಲ ಒಂದೇ ತಿಂಗಳಲ್ಲಿ. 2025ರ ಬಜೆಟ್‌ನಲ್ಲಿ ಹೇಳಿದ ಮಾತನ್ನು ಸರ್ಕಾರ ಸೆಪ್ಟೆಂಬರ್ 12ರಂದು ನಿಯಮ ಮಾಡಿತು. ರಾಜ್ಯದ ಎಲ್ಲ ಥಿಯೇಟರಿನಲ್ಲೂ, ಎಲ್ಲ ಭಾಷೆಗೂ, ತೆರಿಗೆ ಬಿಟ್ಟು 200 ರೂಪಾಯಿ ದಾಟಬಾರದು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಮಲ್ಟಿಪ್ಲೆಕ್ಸಿನವರು ಮತ್ತು ಕೆಲವು ನಿರ್ಮಾಪಕರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 23ರಂದು ಮಧ್ಯಂತರ ತಡೆ ಸಿಕ್ಕಿತು. ಆಮೇಲೆ ವಿಭಾಗೀಯ ಪೀಠ ಮಾರಿದ ಟಿಕೆಟ್ಟಿನ ಲೆಕ್ಕವನ್ನು ಸರಿಯಾಗಿ ಇಡಿ ಅಂದಿತು. ಕೊನೆಗೆ ಸರ್ಕಾರ ಗೆದ್ದರೆ ಜನಕ್ಕೆ ದುಡ್ಡು ವಾಪಸ್ ಕೊಡಬೇಕಾಗಬಹುದು ಅಂತ. ಆದ್ದರಿಂದ ಟಿಕೆಟ್ ಮೆಸೇಜು ಅಳಿಸಬೇಡಿ. ವಾಪಸ್ ಬರುತ್ತದೆ ಅಂತ ಚೀಟಿ ಹಾಕಲೂ ಬೇಡಿ. 2017ರಲ್ಲೂ ಹೀಗೇ ಆದೇಶ ಬಂದು ಕೋರ್ಟಿನಲ್ಲಿ ನಿಂತಿತ್ತು.

ನನ್ನ ಅಭಿಪ್ರಾಯ ಕೇಳಿದರೆ ದರಕ್ಕೆ ಮಿತಿ ಬೇಕು. ನಾಲ್ಕು ಜನದ ಸಂಸಾರ ತಿಂಗಳಿಗೆ ಒಂದೇ ಸಿನಿಮಾ ನೋಡುವುದಾದರೆ ಅವರು ದೊಡ್ಡ ನಟನ ಸಿನಿಮಾವನ್ನೇ ಆರಿಸುತ್ತಾರೆ. ದೊಡ್ಡಬಳ್ಳಾಪುರದ ಟೀಚರ ಅಕ್ಕನ ಮಗನ ಸಿನಿಮಾಕ್ಕೆ ಯಾರು ಹೋಗ್ತಾರೆ? ಗಾಂಧಿನಗರದ ನನ್ನ ಕೆಲವು ಸ್ನೇಹಿತರು ಇದನ್ನು ಒಪ್ಪುವುದಿಲ್ಲ. ದೊಡ್ಡ ಸಿನಿಮಾದ ಮೊದಲ ವಾರದ ದುಡ್ಡು ಹೋದರೆ ಉದ್ಯಮವೇ ಹೋಗುತ್ತದೆ ಅನ್ನುತ್ತಾರೆ. ಈ ಜಗಳ ನಮ್ಮ ಟೀ ಅಂಗಡಿಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಸದ್ಯಕ್ಕೆ ದಾರಿ ಒಂದೇ. ಒಂಟಿ ಪರದೆಗೆ ಹೋಗಿ. ಜಿಎಸ್‌ಟಿ ಲೆಕ್ಕವೂ ಅಲ್ಲೇ ಅನುಕೂಲ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 5, ಅದಕ್ಕಿಂತ ಮೇಲೆ ಶೇ 18. ನೂರರ ಟಿಕೆಟ್ಟಿಗೆ ಐದು ರೂಪಾಯಿ ತೆರಿಗೆ, ಇನ್ನೂರರದಕ್ಕೆ ಮೂವತ್ತಾರು. ಆ್ಯಪ್‌ನವರ ಶುಲ್ಕ ಬೇರೆ. ಕೌಂಟರಿನಲ್ಲಿ ತೆಗೆದರೆ ಅದೂ ಉಳಿಯಿತು. ಮಂಗಳವಾರ, ಬುಧವಾರ ಹೋದರೆ ಮಲ್ಟಿಪ್ಲೆಕ್ಸಿನಲ್ಲೂ ಸ್ವಲ್ಪ ಕಡಿಮೆ. ಆದರೆ ನೋಡಬೇಕಾದ ಸಿನಿಮಾ ಮಂಗಳವಾರದವರೆಗೆ ಇರಬೇಕಲ್ಲ.

ತೆಲುಗಿನ ದೊಡ್ಡ ಸಿನಿಮಾ ಕನ್ನಡದಲ್ಲೂ ಬಂದಿದೆ ಅಂತ ಪೋಸ್ಟರ್ ಹಾಕ್ತಾರೆ. ಬುಕ್ ಮಾಡಲು ಹೋದರೆ ತೆಲುಗಿಗೆ ನೂರಾರು ಆಟ, ಕನ್ನಡಕ್ಕೆ ಎರಡೋ ಮೂರೋ. ಕೇಳಿದರೆ 'ಕನ್ನಡದಲ್ಲಿ ಯಾರೂ ನೋಡಲ್ಲ' ಅಂತಾರೆ.
– ಓದುಗ, ನಾಗರಬಾವಿ

ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಹಾಗೆ. ಬೆಳಿಗ್ಗೆ ಏಳಕ್ಕೆ ಊರಾಚೆ ಒಂದು ಆಟ ಇಟ್ಟು ಯಾರೂ ಬರಲಿಲ್ಲ ಅಂದರೆ ಬೇರೇನಾಗಬೇಕು?

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಕನ್ನಡದಲ್ಲಿ 1960ರ ದಶಕದಿಂದ ಡಬ್ಬಿಂಗ್ ನಿಂತಿತ್ತು. ಕಾನೂನಿನ ನಿಷೇಧವಲ್ಲ, ಉದ್ಯಮದವರೇ ಹಾಕಿಕೊಂಡ ಗೆರೆ. ಆಗ ಕನ್ನಡ ಸಿನಿಮಾ ಕೂಸು, ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆ. ನಾನೂ ಆ ಗೆರೆಯ ಈಚೆಗೇ ನಿಂತಿದ್ದವನು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪು ಅಂತ ಹೇಳಿ ದಂಡ ಹಾಕಿತು. 2017ರ ಹೊತ್ತಿಗೆ ಡಬ್ಬಿಂಗ್ ಸಿನಿಮಾ ಮತ್ತೆ ಬರಲು ಶುರುವಾಯಿತು. ಆದರೆ ಅಷ್ಟು ಹೊತ್ತಿಗೆ ಬೆಂಗಳೂರಿನ ಎರಡು ತಲೆಮಾರು ಪರಭಾಷೆ ಸಿನಿಮಾವನ್ನು ಆಯಾ ಭಾಷೆಯಲ್ಲೇ ನೋಡಿ ಕಿವಿ ಪಳಗಿಸಿಕೊಂಡಿತ್ತು. ನಮ್ಮ ಗೆರೆ ಕನ್ನಡದ ಕೆಲಸಗಾರರನ್ನು ಉಳಿಸಿತು ಅಂತ ಈಗಲೂ ನಂಬುತ್ತೇನೆ. ಕನ್ನಡದ ಕಿವಿಗಳನ್ನೂ ಉಳಿಸಿತಾ ಅಂತ ಕೇಳಿದರೆ ಸುಮ್ಮನಾಗುತ್ತೇನೆ. ನನ್ನ ಮೊಮ್ಮಗನೇ ತೆಲುಗಿನಲ್ಲಿ ನೋಡಿ ಬರುತ್ತಾನೆ. ಅವನಿಗೆ ತೆಲುಗು ಬರುವುದಿಲ್ಲ.

ನೀವು ಮಾಡಬಹುದಾದ್ದು ಇಷ್ಟು. ಬುಕ್ಕಿಂಗ್ ತೆರೆದ ರಾತ್ರಿಯೇ ಕನ್ನಡ ಆಟಕ್ಕೆ ಟಿಕೆಟ್ ತೆಗೆಯಿರಿ. ಅಕ್ಕನ ಮಗನಿಗೆ ಹೇಳಿದ ಸೂತ್ರವೇ ಇಲ್ಲೂ. ಆಟ ಹಂಚುವ ಮಲ್ಟಿಪ್ಲೆಕ್ಸಿನ ಕಂಪ್ಯೂಟರಿಗೆ ಕನ್ನಡಾಭಿಮಾನ ಗೊತ್ತಾಗುವುದಿಲ್ಲ, ತುಂಬಿದ ಸೀಟು ಗೊತ್ತಾಗುತ್ತದೆ.

ಪತ್ರಿಕೆಯಲ್ಲಿ ಈ ವಾರದ ಸಿನಿಮಾ ಪಟ್ಟಿಯಲ್ಲಿ 'ಯುಎ 13+' ಅಂತ ಇದೆ. ಮಗಳಿಗೆ 11. ಕರೆದುಕೊಂಡು ಹೋದರೆ ಬಾಗಿಲಲ್ಲಿ ತಡೀತಾರಾ?
– ತಾಯಿ, ಕೆಂಗೇರಿ

ತಡೆಯುವುದಿಲ್ಲ. ಮೊದಲು ಬರೀ 'ಯುಎ' ಅಂತ ಒಂದೇ ಇತ್ತು. 2024ರ ಹೊಸ ನಿಯಮದಲ್ಲಿ 7+, 13+, 16+ ಅಂತ ಮೂರು ಮಾಡಿದರು. ಇದು ಅಪ್ಪ ಅಮ್ಮನಿಗೆ ಕೊಡುವ ಸೂಚನೆ, ನೀವು ಜೊತೆಗಿದ್ದು ತೀರ್ಮಾನ ಮಾಡಬಹುದು. 'ಎ' ಇದ್ದರೆ ಮಾತ್ರ 18 ತುಂಬದವರಿಗೆ ಪ್ರವೇಶ ಇಲ್ಲ. ಸಿನಿಮಾ ಶುರುವಾಗುವ ಮುಂಚೆ ಸೆನ್ಸಾರ್ ಪತ್ರ ತೋರಿಸುತ್ತಾರಲ್ಲ, ಅದರಲ್ಲಿ ಸಿನಿಮಾ ಎಷ್ಟು ನಿಮಿಷ ಅಂತಲೂ ಇರುತ್ತದೆ. ನಾನು ಮೊದಲು ಅದನ್ನೇ ನೋಡುವುದು. 165 ನಿಮಿಷ ದಾಟಿದ್ದರೆ ಇಂಟರ್‌ವಲ್‌ಗೆ ಕಾಯದೆ ಹೋಗಿ ಬಂದುಬಿಡುತ್ತೇನೆ.

ಥಿಯೇಟರಿನಲ್ಲಿ ನೀರಿನ ಬಾಟಲಿ ಒಳಗೆ ಬಿಡಲಿಲ್ಲ. ಒಳಗೆ ನೀರಿಗೆ ಎಂಬತ್ತು ರೂಪಾಯಿ. ಇದು ಸರೀನಾ?
– ಓದುಗ, ಹೆಬ್ಬಾಳ

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಥಿಯೇಟರಿಗೆ ಇದೆ, ಆದರೆ ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಇಡಬೇಕು. ಎಳೇ ಮಕ್ಕಳ ಆಹಾರವನ್ನೂ ತಡೆಯುವಂತಿಲ್ಲ. 'ಕುಡಿಯುವ ನೀರು ಎಲ್ಲಿ?' ಅಂತ ಜೋರಾಗಿ ಕೇಳಿ. ಸಾಮಾನ್ಯವಾಗಿ ಶೌಚಾಲಯದ ಪಕ್ಕ, ಗಿಡದ ಕುಂಡದ ಹಿಂದೆ ಇಟ್ಟಿರುತ್ತಾರೆ.

ಈ ವಾರದ ಸಿನಿಮಾ ಮೊಬೈಲಿಗೆ ಯಾವಾಗ ಬರುತ್ತೆ?
– ಹೆಸರು, ಊರು ಬರೆದಿಲ್ಲ

ದಕ್ಷಿಣದ ಸಿನಿಮಾಗಳಿಗೆ ಸಾಮಾನ್ಯವಾಗಿ ನಾಲ್ಕು ವಾರದ ಅಂತರ, ಹಿಂದಿಗೆ ಎಂಟು. ಹೆಸರು ಬರೆಯಲು ನಾಚಿಕೆ ಆಗಿದ್ದು ಒಳ್ಳೆಯ ಲಕ್ಷಣ.

ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ನೋಡಿದ ಮೊದಲ ಸಿನಿಮಾ ಕಾವೇರಿ ಥಿಯೇಟರಿನಲ್ಲಿ. ಈಚೆಗೆ ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನಿಂದ ನೋಡಿದರೆ ಜಾಗ ಖಾಲಿ. ಅವರೂ ಈಗ ಇಲ್ಲ. ಸುಮ್ನೆ ಬರೆಯಬೇಕು ಅನ್ನಿಸಿತು.
– ಹಿರಿಯ ಓದುಗರು, ಮಲ್ಲೇಶ್ವರ

ಬರೆದಿದ್ದು ಒಳ್ಳೆಯದಾಯಿತಮ್ಮ. ಕಾವೇರಿ ಶುರುವಾಗಿದ್ದು 1974ರಲ್ಲಿ, ಕೆಡವಿದ್ದು 2024ರಲ್ಲಿ. ಐವತ್ತು ವರ್ಷ. ಪ್ಲಾಜಾ ಹೋಯಿತು, ರೆಕ್ಸ್ ಹೋಯಿತು, ಸಾಗರ್ ಹೋಯಿತು, ಕಪಾಲಿ ಹೋಯಿತು. ಕಪಾಲಿ ಕೆಡವುವಾಗ ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಗೋಡೆ ಬಿದ್ದ ಮೇಲೆ ಒಳಗಿನ ಮೆಟ್ಟಿಲು ಕಾಣಿಸಿತು. ಡಬ್ಬ ಹೊತ್ತು ಎಷ್ಟು ಸಲ ಹತ್ತಿದ್ದೇನೋ. ಬಿಸಿಲಿನಲ್ಲಿ ನೋಡಿದರೆ ತೀರಾ ಕಿರಿದಾಗಿತ್ತು.

ಕಾವೇರಿಯಲ್ಲಿ ನೋಡಿದ ಆ ಸಿನಿಮಾ ಯಾವುದು ಅಂತ ನೀವು ಬರೆದಿಲ್ಲ. ನೆನಪಿದ್ದರೆ ಇನ್ನೊಂದು ಕಾರ್ಡ್ ಹಾಕಿ. ಯಾವ ವಾರ ಅಂತ ನಾನು ಹೇಳಬಲ್ಲೆ. ನನ್ನ ಹಳೇ ಡೈರಿಗಳನ್ನು ಹೆಂಡತಿ ಇನ್ನೂ ರದ್ದಿಗೆ ಹಾಕಿಲ್ಲ.

ಥಿಯೇಟರಿನಲ್ಲಿ ಯಾವ ಸೀಟು ಒಳ್ಳೆಯದು? ನೀವು ಎಲ್ಲಿ ಕೂರ್ತೀರಿ?
– ಓದುಗ, ಬಸವೇಶ್ವರನಗರ

ಪರದೆಯಿಂದ ಮೂರರಲ್ಲಿ ಎರಡು ಪಾಲು ಹಿಂದೆ, ನಡುಮಧ್ಯ. ಥಿಯೇಟರಿನ ಶಬ್ದವನ್ನು ಸಾಮಾನ್ಯವಾಗಿ ಆ ಜಾಗವನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಹೊಂದಿಸುತ್ತಾರೆ. ಸಬ್‌ಟೈಟಲ್ ಓದುವವರು ಇನ್ನೆರಡು ಸಾಲು ಹಿಂದೆ ಸರಿದರೆ ಕತ್ತು ನೋಯುವುದಿಲ್ಲ.

ನಾನು ಅಲ್ಲಿ ಕೂರುವುದಿಲ್ಲ. ಕೊನೇ ಸಾಲು, ಬಾಗಿಲ ಪಕ್ಕದ ಸೀಟು. ಇಂಟರ್‌ವಲ್‌ಗೆ ಐದು ನಿಮಿಷ ಮೊದಲು ಎದ್ದು ಹೋಗಿ ಬುಕ್ಕಿಂಗ್ ಕ್ಲರ್ಕಿನ ಹತ್ತಿರ ಟಿಕೆಟ್ ಪುಸ್ತಕದ ಕೊನೇ ನಂಬರ್ ಬರೆದುಕೊಳ್ಳಬೇಕಿತ್ತು. ಕೆಲಸ ಬಿಟ್ಟು ಇಷ್ಟು ವರ್ಷ ಆಯಿತು. ಈಗಲೂ ಇಂಟರ್‌ವಲ್ ಹತ್ತಿರ ಬಂದಾಗ ಕಾಲು ತಾನಾಗಿ ಏಳುತ್ತದೆ. ಹೊರಗೆ ಹೋಗಿ ನಿಂತರೆ ಪಾಪ್‌ಕಾರ್ನ್ ಹುಡುಗ 'ಏನು ಬೇಕು ಅಂಕಲ್' ಅಂತಾನೆ. ಒಂದು ಟೀ ಹೇಳುತ್ತೇನೆ.